ಬೆಳೆಯುವ ಮಕ್ಕಳಿರುವ ಮನೆಗೆ ಎಂಥ ಕ್ಯಾಂಪಿಂಗ್ ಟ್ರೇಲರ್ ತಗೋಬೇಕು

ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಿ, ರಾತ್ರಿ ಮಲಗಲು ಬಳಸುವ ಕ್ಯಾಂಪಿಂಗ್ ಟ್ರೇಲರ್ ತಗೊಳ್ಳುವ ಯೋಚನೆ ಇದ್ದರೆ ಮೊದಲು ಟೇಪು ತಗೊಳ್ಳಿ. ಮಕ್ಕಳನ್ನು ಹಾಲ್‌ನಲ್ಲಿ ಚಾಪೆ ಮೇಲೆ ಮಲಗಿಸಿ, ನೆತ್ತಿಯಿಂದ ಹಿಮ್ಮಡಿವರೆಗೆ ಅಳೆಯಿರಿ. ಬಂದ ಅಳತೆಗೆ ಆರು ಇಂಚು ಸೇರಿಸಿ, ಯಾಕಂದ್ರೆ ಮಲಗಿದಾಗ ಪಾದ ಚಾಚುತ್ತದೆ, ದಿಂಬೂ ಸ್ವಲ್ಪ ಜಾಗ ತಿನ್ನುತ್ತದೆ. ಆಮೇಲೆ ಈ ಮಗು ಇನ್ನೂ ಎಷ್ಟು ಬೆಳೆಯಬಹುದು ಅಂತ ಯೋಚಿಸಿ. ಹೆಣ್ಣುಮಕ್ಕಳು ಸಾಮಾನ್ಯವಾಗಿ 14-15 ವರ್ಷಕ್ಕೆ ಬೆಳೆದು ನಿಲ್ಲುತ್ತಾರೆ, ಗಂಡುಮಕ್ಕಳು 17-18ರ ತನಕ ಬೆಳೆಯುತ್ತಲೇ ಇರುತ್ತಾರೆ. ಮನೆತನದಲ್ಲಿ ಆರಡಿ ಎತ್ತರದ ಸೋದರಮಾವನೋ ಅಜ್ಜನೋ ಇದ್ದರೆ ಅವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಟ್ರೇಲರ್ ನೋಡಲು ಹೋಗೋದು ಇದೆಲ್ಲ ಬರೆದಿಟ್ಟುಕೊಂಡ ಮೇಲೆ.

ನಾವು ಹೀಗೆ ಮಾಡಲಿಲ್ಲ. ಮಗನಿಗೆ ಹನ್ನೊಂದು, ಮಗಳಿಗೆ ಒಂಬತ್ತು ಇದ್ದಾಗ ದಾವಣಗೆರೆಯಲ್ಲೇ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಟ್ರೇಲರ್ ಮಾಡಿಸಿದೆವು. ಒಳಗೆ ನಮಗೊಂದು ಮಂಚ, ಹಿಂದುಗಡೆ ಮಕ್ಕಳಿಗೆ ಮೇಲೊಂದು ಕೆಳಗೊಂದು ಬಂಕ್, ಅಂದರೆ ರೈಲಿನ ಬರ್ತ್‌ನಂಥ ಹಾಸಿಗೆ. ಬಂಕ್ ಉದ್ದ ಐದೂವರೆ ಅಡಿ. "ಮಕ್ಕಳು ತಾನೇ ಮೇಡಂ, ಧಾರಾಳ ಆಯ್ತು" ಅಂದರು ವರ್ಕ್‌ಶಾಪಿನವರು, ನಾವೂ ತಲೆ ಆಡಿಸಿದೆವು. ಮೂರು ವರ್ಷ ಚೆನ್ನಾಗೇ ನಡೆಯಿತು. ಆಮೇಲೆ ಒಂದು ಡಿಸೆಂಬರ್, ಚನ್ನಗಿರಿ ಕಡೆ ಸೂಳೆಕೆರೆ ಹತ್ತಿರ ನೆಂಟರ ಅಡಿಕೆ ತೋಟದಲ್ಲಿ ಗಾಡಿ ನಿಲ್ಲಿಸಿದ್ದೆವು. ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರ ಆಯಿತು. ಮಗನ ಬಂಕ್ ಖಾಲಿ. ಹೊರಗೆ ಬಂದು ನೋಡಿದರೆ ಬೊಲೆರೊ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು, ಒಂದು ಪಾದ ಕಿಟಕಿ ಗಾಜಿಗೆ ಒತ್ತಿಕೊಂಡು ಮಲಗಿದ್ದ. ಗಾಜಿನ ಮೇಲೆ ಮಂಜು ಕೂತು ಅವನ ಐದು ಬೆರಳ ಗುರುತು ಮೂಡಿತ್ತು. ಬೆಳಿಗ್ಗೆ ಕೇಳಿದರೆ, "ಕಾಲು ತಗಡಿಗೆ ಹೊಡೆಯುತ್ತೆ ಅಮ್ಮ, ನಿಮಗೆಲ್ಲ ಯಾಕೆ ಎಬ್ಬಿಸಲಿ ಅಂತ ಸುಮ್ನೆ ಬಂದೆ" ಅಂದ. ಎಷ್ಟು ಟ್ರಿಪ್‌ನಿಂದ ಹೀಗೆ ಮಾಡುತ್ತಿದ್ದನೋ, ನಮಗೆ ಗೊತ್ತೇ ಆಗಿರಲಿಲ್ಲ. ಅವತ್ತಿನಿಂದ ಯಾರು ಟ್ರೇಲರ್ ಬಗ್ಗೆ ಕೇಳಿದರೂ ನಾನು ಟೇಪಿನಿಂದಲೇ ಶುರು ಮಾಡುತ್ತೇನೆ.

ಎರಡನೆಯ ಲೆಕ್ಕ ಇನ್ನೂ ಮುಖ್ಯ. ಮಕ್ಕಳು ನಿಮ್ಮ ಜೊತೆ ಇನ್ನೆಷ್ಟು ರಾತ್ರಿ ಬರುತ್ತಾರೆ? ಹಿರಿಯ ಮಗುವಿಗೆ ಈಗ ಹನ್ನೊಂದು ಅಂತ ಇಟ್ಟುಕೊಳ್ಳಿ. ಹದಿನೆಂಟಕ್ಕೆ ಏಳು ವರ್ಷ ಇದೆ. ಅದರಲ್ಲಿ ಎಸ್‌ಎಸ್‌ಎಲ್‌ಸಿ ವರ್ಷ, ಸೆಕೆಂಡ್ ಪಿಯು ವರ್ಷ ತೆಗೆದುಹಾಕಿ. ದಾವಣಗೆರೆಯಂಥ ಕಾಲೇಜು ಊರಲ್ಲಿ ಇರೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಟ್ಯೂಷನ್, ನೀಟ್, ಸಿಇಟಿ ಅಂತ ಆ ವರ್ಷ ಮನೆಯಲ್ಲಿ ಟಿವಿಯನ್ನೇ ಹಾಕುವುದಿಲ್ಲ, ಇನ್ನು ಕ್ಯಾಂಪಿಂಗ್ ಎಲ್ಲಿ? ಉಳಿದದ್ದು ಐದು ವರ್ಷ. ದಸರಾ ರಜೆ, ಬೇಸಿಗೆ ರಜೆ, ನಡುವೆ ಒಂದೆರಡು ವಾರಾಂತ್ಯ, ಒಟ್ಟು ವರ್ಷಕ್ಕೆ ಎಂಟು ರಾತ್ರಿ ಅಂದರೂ ನಲವತ್ತು ರಾತ್ರಿ. ಟ್ರೇಲರ್‌ಗೆ 5 ಲಕ್ಷ ಹಾಕಿದರೆ ರಾತ್ರಿಗೆ 12,500 ರೂಪಾಯಿ ಬಿತ್ತು. ಅರ್ಧ ಬೆಲೆಗೆ ಮಾರಿದೆವು ಅಂದುಕೊಂಡರೂ 6,250. ತಗೋಬೇಡಿ ಅನ್ನೋದಕ್ಕೆ ಇದನ್ನು ಹೇಳುತ್ತಿಲ್ಲ. ನಾನು ಮತ್ತೆ ಬೇಕಾದರೂ ತಗೊಳ್ಳುತ್ತೇನೆ, ಆ ನಲವತ್ತು ರಾತ್ರಿಗೆ ನನ್ನ ಮಟ್ಟಿಗೆ ಬೆಲೆ ಕಟ್ಟಲು ಆಗುವುದಿಲ್ಲ. ಆದರೆ ನಲವತ್ತು ರಾತ್ರಿ ಮುಗಿದ ಮೇಲೂ ಆ ಗಾಡಿ ನಿಮ್ಮ ಅಂಗಳದಲ್ಲಿ ನಿಂತಿರುತ್ತದೆ, ಆಗ ಅದು ಯಾರಿಗೆ, ಯಾವ ಉಪಯೋಗಕ್ಕೆ ಅನ್ನೋದನ್ನು ಈಗಲೇ ಯೋಚಿಸಿ.

ನಮ್ಮ ಊರುಗಳಿಗೆ ಹೊಂದೋದು ಮೂರು ಬಗೆ. ಒಂದು, ಹನಿ ಆಕಾರದ ಪುಟ್ಟ ಟ್ರೇಲರ್. ಒಳಗೆ ಇಬ್ಬರು ಮಲಗಬಹುದು, ನಿಲ್ಲಲು ಆಗುವುದಿಲ್ಲ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. ಎರಡು, ಮಡಚುವಂಥದ್ದು. ರಸ್ತೆಯಲ್ಲಿ ತಗ್ಗಾಗಿ ಇರುತ್ತದೆ, ಜಾಗ ಸೇರಿದ ಮೇಲೆ ಎತ್ತಿ ಬಿಚ್ಚಿದರೆ ಎರಡೂ ಕಡೆ ಕ್ಯಾನ್ವಾಸ್ ಹೊದ್ದ ಹಾಸಿಗೆ ಹೊರಗೆ ಬರುತ್ತದೆ, ನಾಲ್ಕೈದು ಜನಕ್ಕೆ ಆಗುತ್ತದೆ. ಮೂರು, ಗಟ್ಟಿ ಗೋಡೆ, ಬಂಕ್ ಎಲ್ಲ ಇರುವ ಪೆಟ್ಟಿಗೆಯಂಥದ್ದು. ಅಮೆರಿಕದ ವಿಡಿಯೋಗಳಲ್ಲಿ ಕಾಣುವ ಮೂವತ್ತು ಅಡಿ ಟ್ರೇಲರ್ ಎಳೆಯೋದಕ್ಕೆ ಅಲ್ಲಿನ ದೊಡ್ಡ ಪಿಕಪ್ ಬೇಕು, ಅದರ ಮಾತು ಬಿಡಿ.

ಮಕ್ಕಳು ಏಳೆಂಟರ ಒಳಗಿದ್ದರೆ ಮೂರನೆಯದು ಬೇಡವೇ ಬೇಡ. ಅವರು ಹೇಗಿದ್ದರೂ ನಿಮ್ಮ ಮಗ್ಗುಲಲ್ಲೇ ಮಲಗುತ್ತಾರೆ. ಆರು ವರ್ಷದ ಒಳಗಿನವರನ್ನು ಮೇಲಿನ ಬಂಕ್‌ನಲ್ಲಿ ಮಲಗಿಸಲೂಬಾರದು. ಒಂದು ಒಳ್ಳೆ ಟೆಂಟು ಸಾಕು. ಮಡಚುವ ಟ್ರೇಲರ್ ಆದರೂ ಸರಿ, ಆದರೆ ಕ್ಯಾನ್ವಾಸ್ ಒದ್ದೆ ಇದ್ದಾಗ ಮಡಚಿದರೆ ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಮನೆಗೆ ಬಂದ ಮೇಲೆ ಮತ್ತೆ ಪೂರ್ತಿ ಬಿಚ್ಚಿ ಬಿಸಿಲಿಗೆ ಒಣಗಿಸಲು ಮನೆ ಮುಂದೆ ಜಾಗ ಇದೆಯಾ ನೋಡಿಕೊಳ್ಳಿ.

ಎಂಟರಿಂದ ಹದಿಮೂರು, ಇದು ಬಂಕ್‌ನ ಕಾಲ. ಈ ವಯಸ್ಸಿನ ಮಕ್ಕಳಿಗೆ ಬಂಕ್ ಅಂದರೆ ಅರಮನೆ. ಮಳೆ ಬಂದರೆ ಅಲ್ಲೇ ಕೂತು ಇಸ್ಪೀಟು ಆಡುತ್ತಾರೆ, ಖಾರ ಮಂಡಕ್ಕಿ ತಿನ್ನುತ್ತಾರೆ, ದಿಂಬಿನ ಕೆಳಗೆಲ್ಲ ಮಂಡಕ್ಕಿ ಚೆಲ್ಲುತ್ತಾರೆ. ಮಾಡಿಸೋದಾದರೆ ಬಂಕ್ ಕಡಿಮೆ ಅಂದರೆ ಆರೂಕಾಲು ಅಡಿ ಉದ್ದ, ಎರಡೂವರೆ ಅಡಿ ಅಗಲ ಇರಲಿ. ಹತ್ತು ವರ್ಷದ ಮಗುವಿಗೆ ಎರಡು ಅಡಿ ಅಗಲ ಸಾಕು ಅನಿಸುತ್ತದೆ, ಹದಿನಾರಕ್ಕೆ ಭುಜವೇ ಹಿಡಿಸುವುದಿಲ್ಲ. ಎದ್ದು ಕೂತರೆ ತಲೆ ತಾಗದ ಹಾಗೆ ಮೇಲೆ ಮೂರು ಅಡಿ ಬಿಡಿಸಿ. ಪ್ಲೈವುಡ್ ಮತ್ತು ಕಬ್ಬಿಣದ ಚೌಕಟ್ಟು 70-80 ಕೆಜಿ ತಡೆಯಬೇಕು, ಮಗುವಿನ ತೂಕಕ್ಕೆ ಮಾಡಿಸಬೇಡಿ. ಇಷ್ಟು ಜಾಗ ನಿಮ್ಮ ಗಾಡಿಯಲ್ಲಿ ಎರಡು ಬಂಕ್‌ಗೆ ಸಿಗದಿದ್ದರೆ ಒಂದೇ ಬಂಕ್ ಮಾಡಿಸಿ, ಇನ್ನೊಬ್ಬರಿಗೆ ಟೆಂಟು.

ಎಲ್ಲಕ್ಕಿಂತ ದೊಡ್ಡ ಮಾತು: ಬಂಕ್‌ಗಳನ್ನು ವೆಲ್ಡಿಂಗ್ ಮಾಡಿಸಬೇಡಿ. ನಟ್ಟು ಬೋಲ್ಟು ಹಾಕಿಸಿ. ನಮ್ಮ ಟ್ರೇಲರ್‌ನಲ್ಲಿ ಎಲ್ಲವೂ ಗಾಡಿಯ ಮೈಗೇ ವೆಲ್ಡ್ ಆಗಿತ್ತು. ಮಗನಿಗೆ ಬಂಕ್ ಸಾಲದು ಅಂತ ಆದಾಗ ಅದನ್ನು ಕತ್ತರಿಸಿ ತೆಗೆಸಬೇಕಾಯಿತು, ಕತ್ತರಿಸುವಾಗ ಕಿಡಿ ಬಿದ್ದು ಒಳಗಿನ ಥರ್ಮೋಕೋಲ್ ಕರಗಿತು, ಹೊರಗಿನ ಬಣ್ಣ ಗುಳ್ಳೆ ಎದ್ದಿತು, ಆ ರಿಪೇರಿಯ ದುಡ್ಡಿನಲ್ಲಿ ಎರಡು ಒಳ್ಳೆ ಟೆಂಟು ಬರುತ್ತಿದ್ದವು. ಬೋಲ್ಟು ಹಾಕಿಸಿದ್ದರೆ ಒಂದು ಸ್ಪ್ಯಾನರ್, ಅರ್ಧ ದಿನದ ಕೆಲಸ. ಒಳಗಿರೋದೆಲ್ಲ ಬಿಚ್ಚಿ ಬೇರೆ ಥರ ಜೋಡಿಸಲು ಬರುವಂಥ ಗಾಡಿ ಮಾತ್ರ ಮಕ್ಕಳ ಜೊತೆ ಬಾಳುತ್ತದೆ.

ಹೆಣ್ಣುಮಕ್ಕಳಿದ್ದವರು ಇನ್ನೊಂದು ವಿಷಯ ಮುಂಚೆಯೇ ಯೋಚಿಸಬೇಕು, ಇದನ್ನು ಯಾರೂ ಹೇಳುವುದಿಲ್ಲ. ಮಗಳಿಗೆ ಹನ್ನೊಂದು ಹನ್ನೆರಡು ಆಗುತ್ತಿದ್ದ ಹಾಗೆ ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಜಾಗ ಬೇಕು, ಮುಟ್ಟಿನ ದಿನಗಳಲ್ಲಿ ನೀರು, ಬೆಳಕು, ಪ್ಯಾಡ್ ಹಾಕಲು ಮುಚ್ಚಳದ ಡಬ್ಬ ಬೇಕು. ತೋಟದಲ್ಲಿ ಬೋರ್ ಮನೆ ಹಿಂದೆ ಹೋಗು ಅಂದರೆ ಆ ಮಗು ಮುಂದಿನ ಸಲ ಬರುವುದೇ ಇಲ್ಲ, ಕಾರಣವನ್ನೂ ಹೇಳುವುದಿಲ್ಲ. ದೊಡ್ಡ ಬಾತ್‌ರೂಮ್ ಬೇಕಿಲ್ಲ. ಇಪ್ಪತ್ತು ಲೀಟರ್ ಟ್ಯಾಂಕಿನ ಪೋರ್ಟಬಲ್ ಟಾಯ್ಲೆಟ್, ಅದನ್ನು ಇಡಲು ಆಳೆತ್ತರದ ಒಂದು ಪುಟ್ಟ ಟೆಂಟು, ಒಳಗೆ ತೂಗುಹಾಕಲು ಚಾರ್ಜಿಂಗ್ ಲೈಟು, ಕೊಂಡಿಯಿರುವ ಒಂದು ಕನ್ನಡಿ. ಹೊಸ ಟ್ರೇಲರ್‌ನಲ್ಲಿ ಟಿವಿಗೆ ಜಾಗ ಬಿಡಿಸುವವರಿದ್ದಾರೆ. ಅದರ ಬದಲು ಈ ಪುಟ್ಟ ಟೆಂಟು ಇಡಲು ಕೈಗೆ ಸಿಗುವ ಕಡೆ ಒಂದು ಖಾನೆ ಬಿಡಿಸಿ.

ಹದಿನಾಲ್ಕು ದಾಟಿದ ಮೇಲೆ ಮಕ್ಕಳಿಗೆ ಬೇಕಾಗೋದು ಸ್ವಂತ ಬಾಗಿಲು. ಹಾಸಿಗೆ ಎಷ್ಟು ಮೆತ್ತಗಿದೆ ಅನ್ನೋದು ಅವರಿಗೆ ಲೆಕ್ಕಕ್ಕೇ ಇಲ್ಲ. ನಮ್ಮಜ್ಜಿ ಹೇಳುತ್ತಿದ್ದರು, ಅವರ ಕಾಲದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಕಮಾನು ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಬಂಡಿಯಲ್ಲಿ ಹುಲ್ಲು ಹಾಸಿ ಮೇಲೆ ಜಮಖಾನ, ಒಳಗೆ ಹೆಂಗಸರು ಮಕ್ಕಳು, ಬಂಡಿ ಕೆಳಗೆ ಗಂಡಸರು. ಮೀಸೆ ಚಿಗುರಿದ ಹುಡುಗ ಯಾರೂ ಹೇಳದೆ ತಾನಾಗೇ ಕಂಬಳಿ ಎತ್ತಿಕೊಂಡು ಕೆಳಗೆ ಇಳಿಯುತ್ತಿದ್ದನಂತೆ. ನನ್ನ ಮಗ ಬೊಲೆರೊಗೆ ಹೋಗಿ ಮಲಗಿದ್ದೂ ಅದೇ ಅಲ್ವಾ? ಹಾಗಾಗಿ ಈ ವಯಸ್ಸಿನಲ್ಲಿ ಇನ್ನೂ ದೊಡ್ಡ ಟ್ರೇಲರ್ ತಗೊಳ್ಳುವ ತಪ್ಪು ಮಾಡಬೇಡಿ. ಬಹಳ ಜನ ಮಾಡೋದು ಅದನ್ನೇ, ಮಕ್ಕಳು ದೊಡ್ಡವರಾದರು ಅಂತ ಗಾಡಿಯನ್ನೂ ದೊಡ್ಡದು ಮಾಡುತ್ತಾರೆ. ಅದು ಮನೆಗೆ ಬರುವ ಹೊತ್ತಿಗೆ ಹುಡುಗ ಹಾಸ್ಟೆಲ್ ಸೇರಿರುತ್ತಾನೆ.

ನಾವು ಮಾಡಿದ್ದು ಇಷ್ಟು. ಬಂಕ್ ತೆಗೆಸಿ ಆ ಜಾಗದಲ್ಲಿ ಬೆಂಚು, ಮಡಚುವ ಮೇಜು ಹಾಕಿಸಿದೆವು. ಮಗನಿಗೊಂದು, ಮಗಳಿಗೊಂದು ಸ್ವಂತ ಟೆಂಟು ಕೊಡಿಸಿದೆವು. ಮಗಳು ತನ್ನ ಟೆಂಟನ್ನು ಟ್ರೇಲರ್‌ನಿಂದ ಎರಡು ಮಾರು ದೂರ ಹಾಕುತ್ತಾಳೆ, ಬಾಗಿಲು ಮಾತ್ರ ನಮ್ಮ ಕಡೆಗೇ ಇರುತ್ತದೆ. ರಾತ್ರಿ ಜಿಪ್ ಎಳೆಯುವ ಸದ್ದು ಕೇಳಿದರೆ ನನಗೆ ಸಮಾಧಾನ, ಮಲಗಿದಳು ಅಂತ. ಟೆಂಟಿಗೂ ಚಾರ್ಜಿಂಗ್ ಪಾಯಿಂಟ್ ಎಳೆದುಕೊಡಿ, ಮೊಬೈಲ್ ಚಾರ್ಜ್ ಇಲ್ಲದಿದ್ದರೆ ಈ ವಯಸ್ಸಿನವರು ಎರಡನೇ ದಿನವೇ ಮನೆಗೆ ಹೋಗೋಣ ಅನ್ನುತ್ತಾರೆ. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಅಂದರೆ 1,200 ವ್ಯಾಟ್-ಅವರ್. ಸಾಧಾರಣ ಲೆಡ್ ಆಸಿಡ್ ಆದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಪೂರ್ತಿ ಇಳಿಸಿದರೆ ಬೇಗ ಹಾಳಾಗುತ್ತದೆ. ಲೈಟು, ಎರಡು ಸಣ್ಣ ಫ್ಯಾನು, ನಾಲ್ಕು ಮೊಬೈಲಿಗೆ ಅಷ್ಟು ಸಾಕು. ಎಸಿ ಓಡಿಸುತ್ತೇವೆ ಅಂದರೆ ಒಂದು ಗಂಟೆಗೆ ಕಥೆ ಮುಗಿಯಿತು. ಏಪ್ರಿಲ್-ಮೇನಲ್ಲಿ ಚಿತ್ರದುರ್ಗದ ಬಂಡೆ ರಾತ್ರಿಯೂ ಕಾವು ಬಿಡುತ್ತಲೇ ಇರುತ್ತದೆ, ಆಗ ಎಸಿಗಿಂತ ಉಪಯೋಗಕ್ಕೆ ಬರೋದು ಬಿಳಿ ಬಣ್ಣದ ಚಾವಣಿ, ಮೇಲೊಂದು ಗಾಳಿ ಕಿಂಡಿ, ಎದುರುಬದುರು ಜಾಲರಿ ಕಿಟಕಿ.

ಈಗ ಎಳೆಯುವ ವಿಷಯ. ನಿಮ್ಮ ಕಾರಿನ ಮ್ಯಾನುವಲ್ ತೆಗೆದು ಎಷ್ಟು ತೂಕ ಎಳೆಯಬಹುದು ಅಂತ ಬರೆದಿದೆ ನೋಡಿ. ಎಳೆಯಬಾರದು ಅಂತಿದ್ದರೆ ಅಲ್ಲಿಗೇ ಬಿಟ್ಟುಬಿಡಿ, ಹಿಂದೆ ಹುಕ್ ಹಾಕಿಸಿದ ಮಾತ್ರಕ್ಕೆ ಗಾಡಿಗೆ ಶಕ್ತಿ ಬರುವುದಿಲ್ಲ. ಮಕ್ಕಳು ಬೆಳೆದ ಹಾಗೆ ತೂಕವೂ ಬೆಳೆಯುತ್ತದೆ. 25 ಕೆಜಿಯ ಇಬ್ಬರು 65 ಕೆಜಿಯ ಇಬ್ಬರಾಗುತ್ತಾರೆ, ಕಾರಿನೊಳಗೇ 80 ಕೆಜಿ ಏರಿತು. ಅವರ ಬ್ಯಾಗು, ಸೈಕಲ್ಲು ಬೇರೆ. ಲೀಟರ್ ನೀರಿಗೆ ಒಂದು ಕೆಜಿ, 60 ಲೀಟರ್ ಟ್ಯಾಂಕು ತುಂಬಿಸಿದರೆ 60 ಕೆಜಿ. ಮನೆ ಇನ್ವರ್ಟರ್‌ನ ಟ್ಯೂಬುಲರ್ ಬ್ಯಾಟರಿ ಒಂದೇ 50 ಕೆಜಿ ದಾಟುತ್ತದೆ. ಅಂದಾಜು ನಂಬಬೇಡಿ. ಎಲ್ಲ ತುಂಬಿಕೊಂಡು ಎಪಿಎಂಸಿ ಹತ್ತಿರ ಮೆಕ್ಕೆಜೋಳದ ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ, ಕಾರು ಬಿಚ್ಚಿ ಟ್ರೇಲರ್ ಮಾತ್ರ ತೂಗಿಸಿ ಚೀಟಿ ತಗೊಳ್ಳಿ.

ಆ ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಮುಂದಿನ ಮೂತಿ ಮೇಲೆ, ಅಂದರೆ ಕಾರಿಗೆ ಸಿಕ್ಕಿಸುವ ಜಾಗದ ಮೇಲೆ ಬೀಳಬೇಕು. ಟ್ರೇಲರ್ 700 ಕೆಜಿ ಇದ್ದರೆ ಮೂತಿ ಮೇಲೆ 70 ಕೆಜಿ. ಮನೆಯಲ್ಲಿ ತೂಕ ನೋಡಿಕೊಳ್ಳುವ ಯಂತ್ರವನ್ನು ಮೂತಿ ಕೆಳಗಿಟ್ಟರೆ ಗೊತ್ತಾಗುತ್ತದೆ, ಆದರೆ ಅಷ್ಟು ತೂಕ ಆ ಯಂತ್ರಕ್ಕೂ ತಡೆಯುತ್ತದೆ, ಕಾರಿನ ಹುಕ್ಕಿಗೂ ತಡೆಯುತ್ತದೆ ಅಂತ ಮೊದಲೇ ನೋಡಿಕೊಂಡಿರಿ. ಸಾಮಾನೆಲ್ಲ ಹಿಂದುಗಡೆ ತುಂಬಿದರೆ ಮೂತಿ ಹಗುರಾಗಿ, ಹೆದ್ದಾರಿಯಲ್ಲಿ ಲಾರಿ ಪಕ್ಕ ಹಾದಾಗ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಹಾಗಾದರೆ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ತಿರುಗಿಸಿ ಸರಿಮಾಡಲೂ ಹೋಗಬೇಡಿ. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ನಾವು 48ನೇ ಹೆದ್ದಾರಿಯಲ್ಲಿ 60 ದಾಟುವುದಿಲ್ಲ. 750 ಕೆಜಿ ಮೇಲಿನದಕ್ಕೆ ಸ್ವಂತ ಬ್ರೇಕ್ ಇಲ್ಲದಿದ್ದರೆ ನಾನಂತೂ ಮುಟ್ಟುವುದಿಲ್ಲ. ಹುಕ್ ಕಳಚಿದರೂ ಹಿಡಿದುಕೊಳ್ಳಲು ಎರಡು ಸರಪಳಿ ಇರಲೇಬೇಕು. ಓಡುವಾಗ ಟ್ರೇಲರ್ ಒಳಗೆ ಯಾರೂ ಕೂರಬಾರದು, ನಿದ್ದೆ ಬಂದ ಮಗುವನ್ನೂ ಮಲಗಿಸಬಾರದು.

ಕಾಗದಪತ್ರ: 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ಎಂಜಿನ್ ಇಲ್ಲದಿದ್ದರೂ ನೋಂದಣಿ ಬೇಕು. ಅಡ್ವಾನ್ಸ್ ಕೊಡುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ಯಾವ ದಾಖಲೆ ಬೇಕು ಅಂತ ಕೇಳಿ ಬರೆದುಕೊಳ್ಳಿ, ಮಾಡುವವರು ಆ ದಾಖಲೆ ಕೊಡುತ್ತಾರಾ ಅಂತ ಕೇಳಿ. ವಿಮೆ ಕಂಪನಿಗೂ ಬರಹದಲ್ಲಿ ತಿಳಿಸಿ.

ರಿವರ್ಸ್ ಕಲಿಯೋದಕ್ಕೆ ಟ್ರ್ಯಾಕ್ಟರ್ ಓಡಿಸುವವರಿಗಿಂತ ಒಳ್ಳೆ ಮೇಷ್ಟ್ರು ಸಿಗುವುದಿಲ್ಲ. ನನಗೆ ಕಲಿಸಿದವನು ನಮ್ಮ ಭಾವನ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವ ಹುಡುಗ. "ಅಕ್ಕ, ಕೈ ಸ್ಟೇರಿಂಗ್‌ನ ಕೆಳಗಡೆ ಇಟ್ಕಳ್ರಿ, ಬಾಲ ಯಾವ ಕಡೆ ಹೋಗ್ಬೇಕೋ ಕೈ ಆ ಕಡೆ ತಗೊಳ್ರಿ" ಅಂದ, ಅಷ್ಟೇ. ಅರ್ಧ ಗಂಟೆಯಲ್ಲಿ ಬಂತು. ಚಿಕ್ಕ ಟ್ರೇಲರ್ ಸುಲಭ ಅಂದುಕೊಳ್ಳಬೇಡಿ, ಗಿಡ್ಡ ಇದ್ದಷ್ಟೂ ಬೇಗ ತಿರುಗಿಬಿಡುತ್ತದೆ. ಮಗ ಮಗಳಿಗೆ ಹದಿನೆಂಟಾಗಿ ಲೈಸೆನ್ಸ್ ಬಂದ ಮೇಲೆ ಅವರಿಗೂ ಖಾಲಿ ಹೊಲದಲ್ಲಿ ಹೀಗೇ ಕಲಿಸಿ.

ನಮ್ಮ ನೆಲದ ಎರಡು ಮಾತು ಸೇರಿಸುತ್ತೇನೆ. ಒಂದು ಎರೆ ಮಣ್ಣು. 2022ರ ಸೆಪ್ಟೆಂಬರ್‌ನಲ್ಲಿ ಮಾರಿ ಕಣಿವೆ ಡ್ಯಾಮ್ (ವಾಣಿ ವಿಲಾಸ ಸಾಗರ) ಕೋಡಿ ಬಿತ್ತಲ್ಲ, 1933ರ ಮೇಲೆ ಮೊದಲ ಸಲ, ನೋಡಲು ಊರೆಲ್ಲ ಹೊರಟಿತ್ತು, ನಾವೂ ಹಿರಿಯೂರಿಗೆ ಹೋದೆವು. ಪರಿಚಯದವರ ಹೊಲದ ಅಂಚಿನಲ್ಲಿ ಟ್ರೇಲರ್ ನಿಲ್ಲಿಸಿದೆವು. ರಾತ್ರಿ ಮಳೆ ಹಿಡಿಯಿತು, ಬೆಳಿಗ್ಗೆ ಚಕ್ರ ಅರ್ಧ ಎರೆಯಲ್ಲಿ. ಎಳೆದಷ್ಟೂ ಮಣ್ಣು ಚಕ್ರಕ್ಕೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡಿತು. ಹದಿನೈದರ ಮಗ ಹಲಗೆ ಕೊಟ್ಟು, ಜಾಕ್ ಏರಿಸಿ, ಅಪ್ಪನ ಜೊತೆ ಎರಡು ಗಂಟೆ ಕೆಲಸ ಮಾಡಿದ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿಸಲೇಬೇಡಿ, ಕೆಂಪು ಮಣ್ಣು ಇಲ್ಲ ಕಲ್ಲುನೆಲ ನೋಡಿ. ಎರಡು ದಪ್ಪ ಹಲಗೆ ಯಾವಾಗಲೂ ಜೊತೆಗಿರಲಿ. ಇನ್ನೊಂದು ಬಳ್ಳಾರಿ ಜಾಲಿ ಮುಳ್ಳು. ಅದು ಟೈರು ಬಿಡುವುದಿಲ್ಲ. ಟ್ರೇಲರ್‌ಗೂ ಕಾರಿಗೂ ಒಂದೇ ಸೈಜಿನ ಚಕ್ರ ಹಾಕಿಸಿದರೆ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಚಿತ್ರದುರ್ಗದ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಜಾಗದಲ್ಲಿ ಟ್ರೇಲರ್ ಪಕ್ಕಕ್ಕೆ ಚಾಚಿ ಕಟ್ಟುವ ನೆರಳುಬಟ್ಟೆ ಬಿಚ್ಚಬೇಡಿ, ಬಿಚ್ಚಿದರೂ ಮಲಗುವ ಮುಂಚೆ ಸುತ್ತಿಡಿ. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಕಾಡು ಅರಣ್ಯ ಇಲಾಖೆಯದು, ಅನುಮತಿ ಇಲ್ಲದೆ ರಾತ್ರಿ ಉಳಿಯುವ ಯೋಚನೆ ಬೇಡ.

ಹಳೇದು ತಗೊಳ್ಳುವವರು ಮೂಲೆಗಳಲ್ಲಿ ಪ್ಲೈವುಡ್ಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ನೀರು ಇಳಿದಿದೆ. ಮುಚ್ಚಿದ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬಂದರೂ ಅಷ್ಟೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಟೈರಿನ ಮೈ ಸವೆಯದೆ ಎಷ್ಟೇ ಚೆನ್ನಾಗಿ ಕಂಡರೂ ಹೊಸ ಟೈರಿನ ದುಡ್ಡು ಕಳೆದೇ ಬೆಲೆ ಮಾತಾಡಿ. ಇಪ್ಪತ್ತು ಕಿಲೋಮೀಟರ್ ಎಳೆದು ನಿಲ್ಲಿಸಿ, ಎರಡೂ ಚಕ್ರದ ಹಬ್ ಹತ್ತಿರ ಕೈ ತಂದು ನೋಡಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಬೇರಿಂಗ್ ಹೋಗಿದೆ, ಇಲ್ಲ ಬ್ರೇಕ್ ಹಿಡಿಯುತ್ತಿದೆ.

ಮಕ್ಕಳು ಇಪ್ಪತ್ತರ ಹತ್ತಿರ ಬಂದಮೇಲೆ ಲೆಕ್ಕ ಪೂರ್ತಿ ಬದಲಾಗುತ್ತದೆ. ನಮ್ಮ ಮಗ ಈಗ ಬೆಂಗಳೂರಲ್ಲಿ ಓದುತ್ತಿದ್ದಾನೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಹಿರಿಯೂರಲ್ಲೇ ಇಳಿದು ನಮ್ಮ ಟ್ರೇಲರ್ ನಿಂತ ಕಡೆ ಬರುತ್ತಾನೆ, ಒಮ್ಮೊಮ್ಮೆ ಇಬ್ಬರು ಗೆಳೆಯರನ್ನೂ ಕರೆತರುತ್ತಾನೆ, ಭಾನುವಾರ ಸಂಜೆ ವಾಪಸ್. ಇವರಿಗೆ ಟ್ರೇಲರ್‌ನಲ್ಲಿ ಮಂಚ ಬೇಡ. ಆರು ಜನ ಸುತ್ತ ಕೂರುವಷ್ಟು ಮೇಜು, ದೊಡ್ಡ ನೆರಳುಬಟ್ಟೆ, ದೊಡ್ಡ ಪಾತ್ರೆ ಕೂರುವ ಒಲೆ ಬೇಕು. ಅಡುಗೆ ಕಟ್ಟೆ ಹೊರಗೇ ಇರಲಿ. ಗ್ಯಾಸ್ ಒಲೆಯನ್ನು ಮುಚ್ಚಿದ ಟ್ರೇಲರ್ ಒಳಗಾಗಲಿ, ಟೆಂಟಿನೊಳಗಾಗಲಿ ಹಚ್ಚಬಾರದು, ಚಳಿಗೆ ಅಂತ ಇದ್ದಿಲ ಕೆಂಡವನ್ನೂ ಒಳಗೆ ಇಡಬಾರದು. ಅದರ ವಿಷಗಾಳಿಗೆ ವಾಸನೆ ಇರುವುದಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಇಷ್ಟರಲ್ಲಿ ನಮ್ಮ ಮೊಣಕಾಲಿಗೂ ವಯಸ್ಸಾಗಿರುತ್ತದೆ. ಗೋಡೆಗೆ ಒತ್ತಿ ಹಾಕಿದ ಮಂಚ ಮಾಡಿಸಿದರೆ ಒಳಗಿನವರು ರಾತ್ರಿ ಎದ್ದಾಗ ಹೊರಗಿನವರನ್ನು ದಾಟಿಕೊಂಡೇ ಬರಬೇಕು. ನಡುವೆ ಇದ್ದು ಎರಡೂ ಕಡೆ ಇಳಿಯಲು ಬರುವ ಮಂಚ ಮಾಡಿಸಿ, ಬಾಗಿಲ ಮೆಟ್ಟಿಲು ಎಂಟು ಇಂಚಿಗಿಂತ ಎತ್ತರ ಬೇಡ, ಪಕ್ಕದಲ್ಲಿ ಕೈಹಿಡಿ ಇರಲಿ. ನಮ್ಮ ಮನೆಯವರು ಇದನ್ನು ಹೇಳಿದಾಗ ನಾನು ಈಗಲೇ ಯಾಕೆ ಅಂದಿದ್ದೆ. ಹೋದ ವರ್ಷ ಅತ್ತೆಯನ್ನು ಕರೆದುಕೊಂಡು ಹೋದಾಗ ಆ ಕೈಹಿಡಿ ಹಿಡಿದುಕೊಂಡೇ ಅವರು ಹತ್ತಿದ್ದು.

ಯಾವುದನ್ನೇ ಆರಿಸಿ, ಪೂರ್ತಿ ದುಡ್ಡು ಕೊಡುವ ಮುಂಚೆ ಒಂದು ರಾತ್ರಿ ಎಲ್ಲರೂ ಅದರಲ್ಲಿ ಮಲಗಿ ನೋಡಿ. ವರ್ಕ್‌ಶಾಪಿನ ಅಂಗಳವಾದರೂ ಸರಿ, ನಿಮ್ಮ ಮನೆ ಮುಂದಾದರೂ ಸರಿ. ಹಾಸಿಗೆ, ದಿಂಬು, ನೀರಿನ ಕ್ಯಾನು, ಎಲ್ಲ ತುಂಬಿ. ಬೆಳಿಗ್ಗೆ ಎದ್ದ ಕೂಡಲೇ ಮಕ್ಕಳನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ, ಎಲ್ಲಿ ಒತ್ತಿತು, ಎಷ್ಟು ಸಲ ಎಚ್ಚರ ಆಯಿತು, ರಾತ್ರಿ ಹೊರಗೆ ಹೋಗಲು ಯಾರನ್ನು ದಾಟಬೇಕಾಯಿತು ಅಂತ. ಎಲ್ಲರ ಎದುರು ಕೇಳಿದರೆ ಚೆನ್ನಾಗಿದೆ ಅಂದುಬಿಡುತ್ತಾರೆ.